ನಿಮಗಿದು ಗೊತ್ತೇ? ಮಾತಿಗೆ ಮಾತು ಬೆಸೆಯುವ ಕೊಂಡಿಗಳು

ಈ ಅಂಕಣದ ಹೆಸರಲ್ಲೇ ಒಂದು ಸಂಗತಿ ಅಡಗಿದೆ. ‘ನಿಮಗಿದು ಗೊತ್ತೇ?’ ಎನ್ನುವಾಗ ‘ನೀವು’ ಕರ್ತೃಸ್ಥಾನದಲ್ಲಿಲ್ಲ, ‘ನಿಮಗೆ’ ಆಗಿ ನಿಂತಿದ್ದೀರಿ. ತಿಳಿವಳಿಕೆ, ಹಸಿವು, ಚಳಿ, ಸಿಟ್ಟು, ನಗು ಇವನ್ನೆಲ್ಲ ಕನ್ನಡ ಸಾಮಾನ್ಯವಾಗಿ ಮನುಷ್ಯ ಮಾಡುವ ಕೆಲಸ ಎಂದು ಎಣಿಸುವುದಿಲ್ಲ. ಅವು ಅವನ ಕಡೆಗೆ ಬರುತ್ತವೆ: ನನಗೆ ಹಸಿವಾಯಿತು, ಅವಳಿಗೆ ನಗು ಬಂತು. ಭಾಷೆಯೂ ಅಷ್ಟೇ. ‘ನಿಮಗೆ ಕನ್ನಡ ಬರುತ್ತಾ?’ ಎಂದೇ ನಾವು ಕೇಳುವುದು. ಆದರೆ ‘ಬಲ್ಲೆ’ ಎಂದೊಡನೆ ಚಿತ್ರ ಬದಲಾಗುತ್ತದೆ. ‘ನನಗೆ ಗೊತ್ತು’ ಸರಿ, ‘ನಾನು ಬಲ್ಲೆ’ಯೂ ಸರಿ, ‘ನನಗೆ ಬಲ್ಲೆ’ ಎಂದು ಯಾರೂ ಹೇಳರು.

ನಮ್ಮ ದಿನಬಳಕೆಯಲ್ಲಿ ‘ಇಟ್ಟುಕೊಂಡಿರುವುದು, ಹೊಂದಿರುವುದು’ ಎಂಬುದಕ್ಕೆ ಒಂದೇ ಕ್ರಿಯಾಪದವಿಲ್ಲ. ಇರುವ ವಸ್ತುವಿಗೂ ನಮಗೂ ಎಂಥ ನಂಟು ಎಂದು ನೋಡಿ ಪ್ರತ್ಯಯ ಬದಲಾಗುತ್ತದೆ. ‘ನನಗೆ ಇಬ್ಬರು ಮಕ್ಕಳು’, ‘ನನ್ನ ಹತ್ತಿರ ಇನ್ನೂರು ರೂಪಾಯಿ ಇದೆ’, ‘ಅವಳಲ್ಲಿ ಒಳ್ಳೆಯ ಗುಣವಿದೆ’. ಇವನ್ನು ಅದಲುಬದಲು ಮಾಡಿ ನೋಡಿ. ‘ನನ್ನ ಹತ್ತಿರ ಇಬ್ಬರು ಮಕ್ಕಳಿದ್ದಾರೆ’ ಎಂದರೆ ಅವರು ನಿಮ್ಮ ಮಕ್ಕಳೇ ಆಗಬೇಕಿಲ್ಲ. ಪಕ್ಕದ ಮನೆಯವರು ಬಿಟ್ಟುಹೋದವರೂ ಆಗಿರಬಹುದು. ‘ಹೊಂದಿದ್ದೇನೆ’ ಎಂಬ ಪ್ರಯೋಗ ಈಗ ಬರವಣಿಗೆಯಲ್ಲಿ ಎಲ್ಲೆಡೆ ಹಬ್ಬಿದೆ. ‘ಅವರು ಮೂವರು ಮಕ್ಕಳನ್ನು ಹೊಂದಿದ್ದಾರೆ’ ಎಂದು ಓದಿದಾಗೆಲ್ಲ ನನಗೆ ಬೇಸರವಾಗುತ್ತದೆ, ಏಕೆಂದರೆ ರಕ್ತಸಂಬಂಧವನ್ನೂ ಆಸ್ತಿಯನ್ನೂ ಬೇರೆಬೇರೆಯಾಗಿ ಕಾಣುವ ನಮ್ಮ ಭಾಷೆಯ ಸೂಕ್ಷ್ಮ ಅಲ್ಲಿ ಸುಮ್ಮನೆ ಅಳಿಸಿಹೋಗಿದೆ.

‘ಮಗುವಿಗೆ ಔಷಧ’, ‘ಕೆಮ್ಮಿಗೆ ಔಷಧ’. ಎರಡರಲ್ಲೂ ಅದೇ ‘ಗೆ’. ಒಂದನ್ನು ಉಳಿಸಬೇಕು, ಇನ್ನೊಂದನ್ನು ಓಡಿಸಬೇಕು. ಕೇಳಿದವರಿಗೆ ಗೊಂದಲವೇ ಆಗುವುದಿಲ್ಲ. ಕಿಲೋಗೆ ನಲವತ್ತು, ಆರು ಗಂಟೆಗೆ ಬಸ್ಸು, ಊರಿಗೆ ಹತ್ತಿರ, ಅಣ್ಣನಿಗಿಂತ ಎತ್ತರ: ಬೆಲೆ, ಹೊತ್ತು, ದೂರ, ಹೋಲಿಕೆ ಎಲ್ಲಕ್ಕೂ ಇದೊಂದೇ.

ಇಷ್ಟೆಲ್ಲ ಮಾಡುವ ‘ಗೆ’ ಒಂದು ಕಡೆ ಹಿಂದೆ ಸರಿಯುತ್ತದೆ. ಊರಿಗೆ ಹೋಗಬಹುದು, ಅಂಗಡಿಗೆ ಹೋಗಬಹುದು, ‘ಡಾಕ್ಟರಿಗೆ ಹೋದೆ’ ಎನ್ನಲಾಗದು. ‘ಡಾಕ್ಟರ ಹತ್ತಿರ ಹೋದೆ’ ಎನ್ನಬೇಕು. ಕನ್ನಡದಲ್ಲಿ ಮನುಷ್ಯ ಜಾಗವಾಗಲಾರ. ಅವನ ಬಳಿಗೆ, ಅವನ ಕಡೆಗೆ ಹೋಗಬಹುದು, ಅಷ್ಟೇ. ‘ಅನ್ನು’ ಪ್ರತ್ಯಯವೂ ಇದೇ ಭೇದ ಮಾಡುತ್ತದೆ. ‘ಪುಸ್ತಕ ಓದಿದೆ’ ಎಂದು ‘ಅನ್ನು’ ಬಿಟ್ಟು ಹೇಳಿದರೆ ನಡೆಯುತ್ತದೆ. ‘ಹುಡುಗಿ ಕರೆದೆ’ ನಡೆಯುವುದಿಲ್ಲ, ‘ಹುಡುಗಿಯನ್ನು’ ಎನ್ನಲೇಬೇಕು.

ಕನ್ನಡದ ಅತಿ ಚಿಕ್ಕ, ಅತಿ ದುಡಿಯುವ ಕೊಂಡಿ ಯಾವುದು? ಪದದ ಕೊನೆಗೆ ಅಂಟುವ ‘ಊ’ ಎಂಬುದು ನನ್ನ ಉತ್ತರ. ‘ಅಕ್ಕನೂ ತಂಗಿಯೂ ಬಂದರು’ ಎಂದಾಗ ಜೋಡಿಸುತ್ತದೆ. ‘ನಾನೂ ಬರುತ್ತೇನೆ’ ಎಂದಾಗ ಸೇರಿಸುತ್ತದೆ. ‘ಎರಡು ಮಾವಿನಹಣ್ಣು ತಿಂದ’ ಎಂದರೆ ಬುಟ್ಟಿಯಲ್ಲಿ ಇನ್ನೂ ಇರಬಹುದು. ‘ಎರಡೂ ಮಾವಿನಹಣ್ಣು ತಿಂದ’ ಎಂದರೆ ಬುಟ್ಟಿ ಖಾಲಿ. ‘ಯಾರು’ ಪ್ರಶ್ನೆ, ‘ಯಾರೂ ಇಲ್ಲ’ ಎನ್ನುವಾಗ ಒಬ್ಬರನ್ನೂ ಬಿಡದ ನಿಷೇಧ. ‘ಕರೆದರೆ ಬರುತ್ತಾನೆ’ ಷರತ್ತು, ‘ಕರೆದರೂ ಬರುವುದಿಲ್ಲ’ ಎಂದಾಗ ಆ ಷರತ್ತೇ ಮುರಿದುಬಿತ್ತು. ಒಂದು ಸ್ವರಕ್ಕೆ ಇಷ್ಟು ಕೆಲಸ!

ಹಳಗನ್ನಡದಲ್ಲಿ ಇದೇ ‘ಉಂ’ ಆಗಿತ್ತು: ರಾಮನುಂ ಲಕ್ಷ್ಮಣನುಂ. ಈಗಿನ ಬರಹದಲ್ಲಿ ‘ಊ’ ಇರಬೇಕಾದ ಕಡೆಯೆಲ್ಲ ‘ಮತ್ತು’ ಬಂದು ಕೂತಿದೆ. ‘ತಂದೆ ಮತ್ತು ತಾಯಿ’ ಏಕೆ ಬೇಕು? ‘ತಂದೆತಾಯಿ’ ಎಂದರೆ ಸಾಕು. ಉಪ್ಪುಹುಳಿಖಾರ, ಗಿಡಮರ, ಅಣ್ಣತಮ್ಮಂದಿರು: ಮಗ್ಗುಲಲ್ಲಿ ನಿಂತರೇ ಇವು ಜೋಡಿಯಾದವು.

‘ಊ’ಗೆ ಪ್ರತಿಯಾಗಿ ‘ಓ’ ಇದೆ. ಊ ಖಚಿತ, ಓ ಅನುಮಾನ. ಯಾರೂ ಬರಲಿಲ್ಲ, ಯಾರೋ ಬಂದರು. ‘ಇವತ್ತೋ ನಾಳೆಯೋ ಬರುತ್ತಾನೆ’ ಎನ್ನುವಲ್ಲಿ ‘ಅಥವಾ’ ಬೇಕಾಗಲೇ ಇಲ್ಲ. ಅದು ಸಂಸ್ಕೃತದಿಂದ ಇದ್ದ ಹಾಗೇ ಬಂದ ಪದ.

ವಾಕ್ಯಕ್ಕೆ ವಾಕ್ಯ ಜೋಡಿಸುವ ನಮ್ಮ ಪದಗಳಲ್ಲಿ ಬಹುಪಾಲು ಎರಡೇ ಕ್ರಿಯಾಪದಗಳ ಸಂತಾನ ಎಂಬುದು ಗೊತ್ತೇ? ಒಂದು ‘ಆಗು’, ಇನ್ನೊಂದು ‘ಎನ್ನು’. ಆದರೆ, ಆದರೂ, ಆದ್ದರಿಂದ, ಹಾಗಾಗಿ, ‘ನೀನಾಗಲಿ ನಾನಾಗಲಿ’ ಎಂಬಲ್ಲಿನ ಆಗಲಿ, ‘ನಿನಗಾಗಿ’ ಎಂಬಲ್ಲಿನ ಆಗಿ, ಎಲ್ಲವೂ ‘ಆಗು’ವಿನ ಮನೆಯವು. ಎಂದು, ಎಂಬ, ಎಂದರೆ ಇವು ‘ಎನ್ನು’ವಿನವು. ‘ಏಕೆಂದರೆ’ ಎಂಬುದನ್ನು ಬಿಡಿಸಿ: ಏಕೆ + ಎಂದರೆ. ಯಾರೋ ‘ಏಕೆ?’ ಎಂದು ಕೇಳಿದರೆ ಕೊಡುವ ಉತ್ತರ. ಕಾರಣ ಹೇಳುವ ಪ್ರತಿ ವಾಕ್ಯದಲ್ಲೂ ಕಾಣದ ಒಬ್ಬ ಕೇಳುಗನಿದ್ದಾನೆ. ‘ಮಳೆ ಬರುತ್ತೆ ಅಂತ ಕೊಡೆ ತಂದೆ’ ಎನ್ನುವಾಗ ಬಾಯಿ ಬಿಟ್ಟು ಯಾರೂ ಏನೂ ಅಂದಿಲ್ಲ. ಮನಸ್ಸಿನಲ್ಲಿ ಅಂದುಕೊಂಡದ್ದೇ ಇಲ್ಲಿ ಕಾರಣ.

ಹವ್ಯಕ ಕನ್ನಡದಲ್ಲಿ ಈ ‘ಎಂದು’ವಿನ ಜಾಗಕ್ಕೆ ‘ಹೇಳಿ’ ಬರುತ್ತದೆ. ಕ್ರಿಯಾಪದ ಬೇರೆ, ತಂತ್ರ ಅದೇ.

‘ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ’: ಈ ವಿಭಕ್ತಿ ಪ್ರತ್ಯಯಗಳನ್ನು ಶಾಲೆಯಲ್ಲಿ ಬಾಯಿಪಾಠ ಮಾಡದ ಕನ್ನಡಿಗರು ಕಡಿಮೆ. ಇದರಲ್ಲಿ ‘ದೆಸೆಯಿಂದ’ ಒಂದು ವಿಚಿತ್ರ ಅತಿಥಿ. ಮರದ ದೆಸೆಯಿಂದ ಹಣ್ಣು ಬಿತ್ತು ಎಂದು ಇವತ್ತು ಯಾರು ಹೇಳುತ್ತಾರೆ? ಕೊಡಲಿಯಿಂದ ಕಡಿಯುವುದಕ್ಕೂ ಮರದಿಂದ ಬೀಳುವುದಕ್ಕೂ ನಮಗೆ ‘ಇಂದ’ ಒಂದೇ ಸಾಕು. ಸಂಸ್ಕೃತದ ಏಳು ವಿಭಕ್ತಿಗಳ ಪಟ್ಟಿ ಭರ್ತಿಯಾಗಬೇಕಿತ್ತು, ಪಂಚಮಿಯ ಖಾನೆಗೆ ಇದು ಬಂತು. ‘ದೆಸೆ’ ಎಂದರೆ ದಿಕ್ಕು, ಸಂಸ್ಕೃತದ ‘ದಿಶಾ’ ಪದದ ತದ್ಭವ. ಮಾತಿನಲ್ಲಿ ಅದು ಉಳಿದಿರುವುದು ಬೈಗುಳದ ಅಂಚಿನಲ್ಲಿ: ‘ನಿನ್ನ ದೆಸೆಯಿಂದ ಎಲ್ಲ ಹಾಳಾಯಿತು!’ ಕನ್ನಡವನ್ನು ಕನ್ನಡದ ಕಣ್ಣಿನಿಂದಲೇ ನೋಡಬೇಕೆಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಬರೆದ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಓದಿದವರಿಗೆ ಈ ಮಾತು ಹೊಸದಲ್ಲ.

ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಕೊಟ್ಟ ಪಂಚಮಿ ಪ್ರತ್ಯಯ ‘ಅತ್ತಣಿಂ’. ಅದರಲ್ಲೂ ‘ಅತ್ತ’ ಇದೆ, ಅಂದರೆ ಆ ಕಡೆ. ಮತ್ತೆ ದಿಕ್ಕೇ! ಅವನ ಸಪ್ತಮಿ ‘ಒಳ್’; ಇಂದಿನ ‘ಒಳಗೆ’ಯಲ್ಲಿ ಅದು ಜೀವಂತವಾಗಿದೆ. ಪದಪದಗಳ ನಂಟು ಬರೆದ ಕೇಶಿರಾಜನ ನಂಟರೂ ಸಾಮಾನ್ಯರಲ್ಲ: ‘ಸೂಕ್ತಿಸುಧಾರ್ಣವ’ ಸಂಕಲಿಸಿದ ಮಲ್ಲಿಕಾರ್ಜುನ ತಂದೆ, ಕವಿ ಜನ್ನ ಸೋದರಮಾವ. ಅವನ ಗ್ರಂಥವನ್ನು 1872ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದವರು ನಿಘಂಟುಕಾರ ಕಿಟ್ಟೆಲ್. ಅವರ ನಿಘಂಟು ಹೊರಬಂದದ್ದು ಅದಾದ ಮೇಲೆ, 1894ರಲ್ಲಿ.

ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಕನ್ನಡನಾಡಿನ ಗಡಿ ಹೇಳಿದ್ದು ಎರಡು ಕೊಂಡಿಗಳ ಬಲದಿಂದ. ಕಾವೇರಿಗೆ ‘ಇಂದಂ’, ಗೋದಾವರಿಗೆ ‘ವರಂ’. ಅವೇ ನಮ್ಮ ಇಂದ ಮತ್ತು ವರೆಗೆ. ಬಸ್ಸಿನ ಟಿಕೆಟ್ ಕೇಳುವಾಗಲೂ ನಾವು ಬಳಸುವುದು ಈ ಜೋಡಿಯನ್ನೇ.

ಇನ್ನೂ ಕೆಲವು ಕೊಂಡಿಗಳ ಮೂಲ ನೋಡಿ. ಕೂಡು ಎಂಬ ಕ್ರಿಯೆಯಿಂದ ‘ಕೂಡ’. ಬಿಡುವುದರಿಂದ ‘ನಿನ್ನ ಬಿಟ್ಟು ಯಾರೂ ಇಲ್ಲ’. ಸಲ್ಲುವುದರಿಂದ ‘ಸಲುವಾಗಿ’, ಧಾರವಾಡದ ಕಡೆ ಇದು ಹೆಚ್ಚು ಕಿವಿಗೆ ಬೀಳುತ್ತದೆ. ‘ಪಕ್ಕ’ ಬಂದದ್ದು ಸಂಸ್ಕೃತದ ‘ಪಕ್ಷ’ದಿಂದ, ಅದಕ್ಕೆ ರೆಕ್ಕೆ ಎಂಬ ಅರ್ಥವೂ ಇದೆ.

ಕೊಂಡಿಪದವೇ ಇಲ್ಲದೆಯೂ ಕೆಲಸಗಳನ್ನು ಪೋಣಿಸಬಹುದು: ಎದ್ದು, ಮುಖ ತೊಳೆದು, ಕಾಫಿ ಕುಡಿದು, ಬಸ್ಸು ಹಿಡಿದು ಕಚೇರಿಗೆ ಹೋದಳು. ಐದು ಕೆಲಸ, ಒಂದೂ ‘ಮತ್ತು’ ಇಲ್ಲ. ಯಾರು ಮಾಡಿದ್ದು, ಯಾವಾಗ ಎಂಬುದೆಲ್ಲ ಕಟ್ಟಕಡೆಯ ಕ್ರಿಯಾಪದದಲ್ಲಿ ತಿಳಿಯುತ್ತದೆ. ಇದಕ್ಕೊಂದು ಕಟ್ಟುಪಾಡಿದೆ: ಎಲ್ಲ ಕೆಲಸಕ್ಕೂ ಕರ್ತೃ ಒಬ್ಬರೇ ಆಗಿರಬೇಕು. ‘ರವಿ ಬಂದು ಸುಮಾ ಹೋದಳು’ ಎನ್ನಲಾಗದು, ‘ರವಿ ಬಂದ ಮೇಲೆ’ ಎನ್ನಬೇಕು. ಆದರೆ ‘ಮಳೆ ಬಂದು ಬೆಳೆ ಹಾಳಾಯಿತು’ ಎಂದರೆ ತಕರಾರಿಲ್ಲ. ಮಳೆಯೇ ಕಾರಣ ಎಂಬ ಅರ್ಥ ಆ ‘ಬಂದು’ವಿನಲ್ಲೇ ಸೇರಿಕೊಂಡಿದೆ.

ಕೊನೆಗೊಂದು ಮೋಜಿನ ಕೊಂಡಿ. ಊಟಗೀಟ ಆಯಿತಾ? ಹಣಗಿಣ ಇದೆಯಾ? ಮೊದಲ ಅಕ್ಷರ ತೆಗೆದು ‘ಗಿ’ ಹಾಕಿದರೆ ‘ಅದು ಮತ್ತು ಅದಕ್ಕೆ ಸಂಬಂಧಪಟ್ಟದ್ದೆಲ್ಲ’ ಎಂಬ ಅರ್ಥ. ಮೊದಲ ಸ್ವರ ದೀರ್ಘವಿದ್ದರೆ ಗೀ, ಹ್ರಸ್ವವಿದ್ದರೆ ಗಿ; ಮೂರು ವರ್ಷದ ಮಗುವಿಗೂ ಇದನ್ನು ಯಾರೂ ಕಲಿಸಬೇಕಿಲ್ಲ. ‘ಗಿಡ’ದಂಥ ಪದಕ್ಕೆ ಮಾತ್ರ ಈ ಉಪಾಯ ಫಲಿಸದು, ಅದು ಮೊದಲೇ ‘ಗಿ’ಯಿಂದ ಶುರುವಾಗಿದೆ. ಅಲ್ಲಿ ನಾವು ‘ಗಿಡಗಂಟಿ’ ಎನ್ನುತ್ತೇವೆ.