ಲೇಸರ್ ಗಾಜು: ಶುದ್ಧತೆಯೇ ಬಂಡವಾಳ

ಅಮೆರಿಕದ ಲಿವರ್‌ಮೋರ್ ರಾಷ್ಟ್ರೀಯ ಪ್ರಯೋಗಾಲಯದ 192 ಕಿರಣಗಳ ಬೃಹತ್ ಲೇಸರ್‌ಗೆ ನಿಯೋಡೈಮಿಯಂ ಬೆರೆಸಿದ ಫಾಸ್ಫೇಟ್ ಗಾಜಿನ 3,072 ಫಲಕಗಳು ಬೇಕಾಗಿದ್ದವು. ತಲಾ ಸುಮಾರು 42 ಕಿಲೋ ತೂಕದ ಇವುಗಳನ್ನು ಒಂದೊಂದಾಗಿ ಎರಕ ಹೊಯ್ದರೆ ವೆಚ್ಚವೂ ಕಾಲವೂ ಕೈಮೀರುತ್ತಿದ್ದವು. ಆದ್ದರಿಂದ ಪ್ರಯೋಗಾಲಯವು ಹೋಯಾ ಮತ್ತು ಶಾಟ್ ಸಂಸ್ಥೆಗಳೊಡನೆ ಸೇರಿ, ಗಾಜು ಅಖಂಡ ಪಟ್ಟಿಯಾಗಿ ಹರಿದುಬರುವ ವಿಧಾನವನ್ನು ರೂಪಿಸಿತು.

ಅಡ್ಡಿಗಳು ಮುಖ್ಯವಾಗಿ ಎರಡು. ಗಾಜಿನಲ್ಲಿ ಉಳಿದ ತೇವಾಂಶವು ಲೇಸರ್‌ನ ಬಲವನ್ನು ಕುಗ್ಗಿಸುತ್ತದೆ. ಕುಲುಮೆಯ ಪಾತ್ರೆಯಿಂದ ಸೇರಿದ ಪ್ಲಾಟಿನಂ ಕಣವು ಕಿರಣ ತಾಗಿದೊಡನೆ ಕಾದು ಸುತ್ತಲಿನ ಗಾಜನ್ನು ಸೀಳುತ್ತದೆ. ಕ್ಲೋರಿನ್‌ಯುಕ್ತ ಅನಿಲದಿಂದ ತೇವವನ್ನು ಹೊರದೂಡಿ, ಆಮ್ಲಜನಕದ ಸಂಪರ್ಕದಲ್ಲಿ ಪ್ಲಾಟಿನಂ ಕಣಗಳನ್ನು ಗಾಜಿನಲ್ಲೇ ಕರಗಿಸಲಾಯಿತು.

ಇದೇ ಲೇಸರ್ 2022ರ ಡಿಸೆಂಬರ್ 5ರಂದು 2.05 ಮೆಗಾಜೂಲ್ ಶಕ್ತಿಯನ್ನು ಗುರಿಗೆ ನೀಡಿ, ಸಮ್ಮಿಲನದಿಂದ 3.15 ಮೆಗಾಜೂಲ್ ಪಡೆಯಿತು. ಖರೀದಿದಾರನು ದರಪಟ್ಟಿ ಕೇಳುವುದಕ್ಕೆ ಮೊದಲು ತಯಾರಕನ ಪ್ರಯೋಗದಲ್ಲಿ ಪಾಲುಗೊಂಡದ್ದೇ ಈ ವ್ಯವಹಾರದ ನಿಜವಾದ ಲಾಭ.