ಸಕ್ಕರೆ ಕುಸಿದಾಗ ಕೊಡುವ ಗ್ಲುಕಗಾನ್: ಒಕ್ಕಲಿಗರು ಅರಿತಿರಬೇಕಾದ ಎಚ್ಚರಿಕೆಗಳು

ಹಿಂಗಾರಿ ಜೋಳದ ಕೊಯ್ಲು ಬಂತೆಂದರೆ ಅಕ್ಕಲಕೋಟೆ, ಜತ್ತ ಭಾಗದ ಹೊಲಗಳಲ್ಲಿ ನಸುಕಿನಿಂದಲೇ ಕೆಲಸ ಸಾಗುತ್ತದೆ. ಬುತ್ತಿ ಬರುವುದು ತಡವಾಗುತ್ತದೆ. ಸಕ್ಕರೆ ಬೇನೆಗೆ ಇನ್ಸುಲಿನ್ ಚುಚ್ಚಿಕೊಂಡೋ ಗುಳಿಗೆ ನುಂಗಿಯೋ ಬಂದವರಿಗೆ ಗಂಡಾಂತರ ಬರುವುದು ಇಂಥ ವೇಳೆಯಲ್ಲಿಯೇ. ಔಷಧವು ರಕ್ತದ ಸಕ್ಕರೆಯನ್ನು ಇಳಿಸುತ್ತಿರುತ್ತದೆ, ಮೈಮುರಿದ ದುಡಿಮೆಯೂ ಅದನ್ನೇ ಕರಗಿಸುತ್ತದೆ, ಹೊಟ್ಟೆ ಮಾತ್ರ ಬರಿದು.

ನೂರು ಮಿಲಿಲೀಟರ್ ರಕ್ತದಲ್ಲಿ ಸಕ್ಕರೆ 70 ಮಿಲಿಗ್ರಾಮಿಗಿಂತ ಇಳಿದರೆ ಬೆವರು, ಕೈನಡುಕ, ಎದೆಬಡಿತ ಕಾಣುತ್ತವೆ. ಇನ್ನೂ ಇಳಿದರೆ ಮಾತು ತೊದಲಿ, ಮಂಕು ಕವಿದು, ಕೊನೆಗೆ ಮೂರ್ಛೆ ಬರುತ್ತದೆ. ಕುಡಿದಿದ್ದಾನೆಂದೋ ಬಿಸಿಲು ಬಡಿಯಿತೆಂದೋ ತಿಳಿದು ನೆರಳಿಗೆ ಮಲಗಿಸಿ ಹೋದರೆ ಪ್ರಾಣಕ್ಕೇ ಸಂಚಕಾರ.

ಎಚ್ಚರವಿದ್ದು ನುಂಗಬಲ್ಲವರಿಗೆ ಮೂರು ಚಹಾ ಚಮಚ ಸಕ್ಕರೆಯನ್ನು ಅರ್ಧ ಲೋಟ ನೀರಿನಲ್ಲಿ ಕದಡಿ ಕುಡಿಸಬೇಕು. 15 ನಿಮಿಷದಲ್ಲಿ ಗುಣ ಕಾಣದಿದ್ದರೆ ಮತ್ತೊಮ್ಮೆ ಕೊಡಬೇಕು. ಅಕಾರ್ಬೋಸ್, ವೋಗ್ಲಿಬೋಸ್ ಗುಳಿಗೆ ನುಂಗುವವರಿಗೆ ಸಕ್ಕರೆ, ಬೆಲ್ಲ ಬೇಗ ರಕ್ತಕ್ಕೆ ಸೇರವು; ಅವರಿಗೆ ಗ್ಲೂಕೋಸ್ ಪುಡಿಯೇ ಬೇಕು. ಮೂರ್ಛೆ ಹೋದವರ ಬಾಯಿಗೆ ಏನನ್ನೂ ಹಾಕಕೂಡದು. ಅದು ಶ್ವಾಸನಾಳಕ್ಕೆ ಇಳಿದೀತು.

ಇಂಥ ಮೂರ್ಛೆಗೆಂದು ವೈದ್ಯರು ಬರೆದುಕೊಡುವ ಔಷಧವೇ ಗ್ಲುಕಗಾನ್. ಇದು ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡಿಸುತ್ತದೆ. ದೊಡ್ಡವರಿಗೆ ಪ್ರಮಾಣ 1 ಮಿಲಿಗ್ರಾಮ್. ಮಕ್ಕಳಿಗೆ ವೈದ್ಯರು ಹೇಳಿದಷ್ಟು. ಪುಡಿಯ ರೂಪದ್ದಾದರೆ ಜೊತೆಗೆ ಬಂದ ದ್ರವದಲ್ಲಿ ಕಲಸಿ ಕೂಡಲೇ ಚುಚ್ಚಬೇಕು. ಕಲಸಿ ಇಡಬಾರದು, ಕದಡಿದಂತೆ ಕಂಡರೆ ಚೆಲ್ಲಬೇಕು. ವಾಂತಿ ಬರುವ ಸಂಭವವಿರುವುದರಿಂದ ರೋಗಿಯನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು. ಕೂಡಲೇ 108ಕ್ಕೆ ಕರೆ ಮಾಡಬೇಕು. ಎಚ್ಚರವಾದ ಮೇಲೆ ಸಕ್ಕರೆ ನೀರು, ಬಳಿಕ ರೊಟ್ಟಿ ಕೊಡಬೇಕು.

ಕೂಡಿಟ್ಟ ಕಾಳಿಲ್ಲದ ಹಗೇವನ್ನು ತೆರೆದರೆ ಫಲವೇನು? ಉಪವಾಸವಿದ್ದವರಲ್ಲಿ, ಬಹಳ ಮದ್ಯ ಕುಡಿದವರಲ್ಲಿ ಯಕೃತ್ತಿನ ಸಕ್ಕರೆ ಬರಿದಾಗಿರುತ್ತದೆ. ಅಂಥವರಿಗೆ ಗ್ಲುಕಗಾನ್ ಚೆನ್ನಾಗಿ ನಾಟುವುದಿಲ್ಲ. ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಗ್ಲೂಕೋಸ್ ಏರಿಸುವುದೇ ದಾರಿ. ಗ್ಲಿಬೆಂಕ್ಲಮೈಡ್, ಗ್ಲಿಮೆಪಿರೈಡ್ ಗುಳಿಗೆಗಳಿಂದ ಸಕ್ಕರೆ ಕುಸಿದಿದ್ದರೆ ಎಚ್ಚರವಾದ ಮೇಲೂ ಮತ್ತೆ ಕುಸಿಯಬಹುದು. ಮನೆಗೆ ಕಳುಹಿಸದೆ ಆಸ್ಪತ್ರೆಗೆ ಒಯ್ಯತಕ್ಕದ್ದು.

ಬೇರೆ ಔಷಧಗಳೊಡನೆ ಇದರ ಹೊಂದಾಣಿಕೆಯನ್ನೂ ತಿಳಿದಿರಬೇಕು. ರಕ್ತದೊತ್ತಡಕ್ಕೆ ಕೊಡುವ ಅಟೆನೊಲಾಲ್, ಪ್ರೊಪ್ರನೊಲಾಲ್ ಗುಳಿಗೆಗಳು ಕೈನಡುಕ, ಎದೆಬಡಿತಗಳನ್ನು ಮರೆಮಾಚುತ್ತವೆ. ಅಂಥವರಲ್ಲಿ ಬೆವರೇ ಮುಖ್ಯ ಸೂಚನೆ. ಗ್ಲುಕಗಾನ್ ಕೊಟ್ಟಾಗ ಅವರ ನಾಡಿ, ರಕ್ತದೊತ್ತಡ ಸ್ವಲ್ಪ ಹೊತ್ತು ಏರಬಹುದು. ವಾರ್ಫರಿನ್ ನುಂಗುವವರಲ್ಲಿ ರಕ್ತಸ್ರಾವದ ಭಯ ಹೆಚ್ಚುತ್ತದೆ. ನೋವಿನ ಇಂಡೊಮೆಥಸಿನ್ ಗುಳಿಗೆಯು ಗ್ಲುಕಗಾನಿನ ಗುಣವನ್ನೇ ಕೆಡಿಸಬಹುದು. ಮೂತ್ರಪಿಂಡದ ಮೇಲಿನ ಗ್ರಂಥಿಯಲ್ಲಿ ಫಿಯೊಕ್ರೊಮೊಸೈಟೋಮ ಎಂಬ ಗಡ್ಡೆಯಿರುವವರಿಗೆ ಇದನ್ನು ಕೊಡಲೇಕೂಡದು.

ಔಷಧವನ್ನು ಬಿಸಿಲಿಗೆ, ಒಲೆಯ ಬದಿಗೆ ಇಡಬಾರದು. ಡಬ್ಬಿಯ ಮೇಲೆ ಬರೆದ ಶಾಖದಲ್ಲಿ ಕಾಯ್ದು, ಅವಧಿ ಮೀರುವ ಮೊದಲೇ ಬದಲಿಸಬೇಕು. ಚುಚ್ಚುವ ಕ್ರಮವನ್ನು ಮನೆಯ ಇಬ್ಬರಾದರೂ ವೈದ್ಯರಿಂದ ಕಲಿತಿರಲಿ. ತಾವು ನುಂಗುವ ಗುಳಿಗೆಗಳ ಹೆಸರನ್ನು ಚೀಟಿಯಲ್ಲಿ ಬರೆದು ಅಂಗಿಯ ಜೇಬಿನಲ್ಲಿಡಿ. ನಮ್ಮ ಭಾಗದಲ್ಲಿ ಅದು ಮರಾಠಿಯಲ್ಲಿಯೂ ಇದ್ದರೆ ಆಸ್ಪತ್ರೆಯವರಿಗೆ ಕೂಡಲೇ ತಿಳಿಯುವುದು. ಹೊಲಕ್ಕೆ ಹೊರಡುವಾಗ ಕುಡುಗೋಲಿನ ಜೊತೆಗೆ ಒಂದು ಪೊಟ್ಟಣ ಗ್ಲೂಕೋಸ್ ಇರಲಿ.