ಹತ್ತು ಮಕ್ಕಳ ತಂದೆ, ಡಾರ್ವಿನ್

1876ರಲ್ಲಿ ಚಾರ್ಲ್ಸ್ ಡಾರ್ವಿನ್ ಅಮೆರಿಕದ ಸಸ್ಯವಿಜ್ಞಾನಿ ಏಸಾ ಗ್ರೇಗೆ ಬರೆದ ಕಾಗದದಲ್ಲಿ ಒಂದು ಲೆಕ್ಕ ಬರುತ್ತದೆ. ಹೆಂಡತಿ ಎಮ್ಮಾ ಗೆದ್ದದ್ದು 2490 ಆಟ, ತಾನು ಗೆದ್ದದ್ದು 2795. ನಮ್ಮ ಪಗಡೆಯ ಹಾಗೆ ದಾಳ ಉರುಳಿಸಿ ಆಡುವ ಬ್ಯಾಕ್‌ಗ್ಯಾಮನ್ ಅದು. ಗಂಡ ಹೆಂಡತಿ ಸಂಜೆಯಾದರೆ ಆಡಲು ಕೂರುತ್ತಿದ್ದರು. ಸೋಲು ಗೆಲುವನ್ನು ಡಾರ್ವಿನ್ ವರ್ಷಗಟ್ಟಲೆ ಬರೆದಿಟ್ಟ. ಜೀವವಿಕಾಸಕ್ಕೆ ಸಾಕ್ಷ್ಯ ಕೂಡಿಹಾಕಿದ್ದೂ ಇದೇ ಶ್ರದ್ಧೆಯಿಂದ.

ಎಮ್ಮಾ ವೆಜ್‌ವುಡ್ ಅವನ ಸೋದರಮಾವನ ಮಗಳು. 1838ರಲ್ಲಿ ಮದುವೆಯ ಯೋಚನೆ ಬಂದಾಗ ಡಾರ್ವಿನ್ ಹಾಳೆಯ ಮೇಲೆ ಗೆರೆ ಎಳೆದು ಒಂದು ಕಡೆ ಲಾಭ, ಇನ್ನೊಂದು ಕಡೆ ನಷ್ಟ ಬರೆದ. ಪುಸ್ತಕಕ್ಕೆ ದುಡ್ಡು ಉಳಿಯುವುದಿಲ್ಲ, ಸಮಯ ಹಾಳು ಎಂಬುದು ನಷ್ಟದ ಪಟ್ಟಿಯಲ್ಲಿತ್ತು. ಮುಪ್ಪಿನಲ್ಲಿ ಜೊತೆಗೊಬ್ಬರು, ಮನೆ, ಮಕ್ಕಳು ಎಂಬುದು ಲಾಭದ ಪಟ್ಟಿಯಲ್ಲಿತ್ತು. ಲಾಭವೇ ತೂಗಿತು. 1839ರ ಜನವರಿ 29ರಂದು ಮದುವೆ ನಡೆಯಿತು.

ಎಮ್ಮಾ ದೈವಭಕ್ತೆ. ಗಂಡನ ಸಂದೇಹಗಳು ಆಕೆಗೆ ಗೊತ್ತಿದ್ದವು. ಸಾವಿನ ಆಚೆಗೂ ಇಬ್ಬರೂ ಒಟ್ಟಿಗಿರುತ್ತೇವೆಯೋ ಇಲ್ಲವೋ ಎಂಬ ಅಳುಕನ್ನು ಮದುವೆಯಾದ ಹೊಸತರಲ್ಲೇ ಆಕೆ ಕಾಗದದಲ್ಲಿ ತೋಡಿಕೊಂಡಳು. ಆ ಕಾಗದವನ್ನು ಡಾರ್ವಿನ್ ಜೀವನವಿಡೀ ಕಾಪಾಡಿದ. ಇದಕ್ಕೆ ಮುತ್ತಿಟ್ಟು ಎಷ್ಟೋ ಸಲ ಅತ್ತಿದ್ದೇನೆ, ನಾನು ಸತ್ತ ಮೇಲೆ ಇದು ನಿನಗೆ ತಿಳಿದಿರಲಿ ಎಂದು ಅದರ ಮೇಲೇ ಬರೆದಿಟ್ಟ. ನಂಬಿಕೆಯಲ್ಲಿ ಬೇರೆಯಾಗಿಯೂ ನಲವತ್ತಮೂರು ವರ್ಷ ಹೀಗೆ ಬಾಳಿದ ಇಬ್ಬರ ಕಥೆ, ಜೀವವಿಕಾಸದ ಬಗೆಗಿನ ವಾದವಿವಾದಗಳ ಗದ್ದಲದಲ್ಲಿ ಎಷ್ಟೋ ಸಲ ಕಾಣದೇ ಹೋಗುತ್ತದೆ.

1842ರಲ್ಲಿ ಸಂಸಾರ ಲಂಡನ್ ಬಿಟ್ಟು ಕೆಂಟ್‌ನ ಡೌನ್ ಹೌಸ್ ಸೇರಿತು. ಡಾರ್ವಿನ್ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿದವನಲ್ಲ. ಪ್ರಯೋಗಶಾಲೆ, ಕಚೇರಿ, ತೋಟ ಎಲ್ಲವೂ ಈ ಮನೆಯೇ. ಮಕ್ಕಳು ಅದರೊಳಗೇ ಬೆಳೆದರು. ಹಿರಿಯ ಮಗ ವಿಲಿಯಂ 1839ರ ಡಿಸೆಂಬರ್‌ನಲ್ಲಿ ಹುಟ್ಟಿದಾಗ ತಂದೆ ಟಿಪ್ಪಣಿ ಪುಸ್ತಕ ತೆರೆದಿದ್ದ. ಮಗು ಸೀನಿದ್ದು, ಮೊದಲು ನಕ್ಕದ್ದು, ಸಿಟ್ಟಾದದ್ದು ಎಲ್ಲ ಅದರಲ್ಲಿ ದಾಖಲಾಯಿತು. ಹಿಂದಿನ ವರ್ಷ ಲಂಡನ್ ಮೃಗಾಲಯದಲ್ಲಿ ಜೆನ್ನಿ ಎಂಬ ಒರಾಂಗುಟಾನ್ ಸೇಬು ಕೊಡಲಿಲ್ಲವೆಂದು ನೆಲಕ್ಕೆ ಬಿದ್ದು ಕಾಲು ಝಾಡಿಸಿ ರಂಪ ಮಾಡಿದ್ದನ್ನು ಕಂಡಿದ್ದ. ಮನುಷ್ಯರ ಮಗುವಿನ ಹಟವೂ ಅಂಥದ್ದೇ ಎನ್ನಿಸಿತ್ತು. ಈ ಗಮನಿಕೆಗಳೇ ಬೆಳೆದು, ಮನುಷ್ಯ ಮತ್ತು ಪ್ರಾಣಿಗಳು ಭಾವನೆ ತೋರುವ ಬಗೆಯನ್ನು ಕುರಿತ 1872ರ ಪುಸ್ತಕವನ್ನು ಸೇರಿದವು. ವಿಲಿಯಂನ ಟಿಪ್ಪಣಿ 1877ರಲ್ಲಿ ಲೇಖನವಾಗಿಯೂ ಬಂತು.

ಉಳಿದ ಮಕ್ಕಳಿಗೂ ಕೆಲಸವಿತ್ತು. ಗಂಡು ದುಂಬಿಗಳು ತೋಟದಲ್ಲಿ ಹಾರುವ ದಾರಿ ಗುರುತಿಸಲು ಅಪ್ಪ ಒಬ್ಬೊಬ್ಬರನ್ನು ಒಂದೊಂದು ಕಡೆ ನಿಲ್ಲಿಸುತ್ತಿದ್ದ. ದುಂಬಿ ಬಂದ ಕೂಡಲೇ ಅಲ್ಲಿದ್ದವರು ಕೂಗಬೇಕು. ಅಪ್ಪ ಬರೆದು ಬಿಸಾಡಿದ ಹಸ್ತಪ್ರತಿಯ ಹಾಳೆಗಳ ಬೆನ್ನಿಗೆ ಮಕ್ಕಳು ಚಿತ್ರ ಬಿಡಿಸಿದರು. ಅಪ್ಪನ 'ಜೀವಿಜಾತಿಗಳ ಉಗಮ' ಪುಸ್ತಕದ ಮೂಲಪ್ರತಿಯ ಕೆಲವು ಪುಟಗಳು ಇಂದಿಗೂ ಉಳಿದಿರುವುದು ಆ ಚಿತ್ರಗಳ ದೆಸೆಯಿಂದ. ಹಡಗಿನ ತಳಕ್ಕೆ, ಬಂಡೆಗೆ ಅಂಟಿ ಬೆಳೆಯುವ ಬಾರ್ನಕಲ್ ಎಂಬ ಜೀವಿಯ ಹಿಂದೆ ಡಾರ್ವಿನ್ ಎಂಟು ವರ್ಷ ಬಿದ್ದಿದ್ದ. ಅಪ್ಪಂದಿರ ಕೆಲಸವೇ ಅದು ಅಂದುಕೊಂಡಿದ್ದ ಮಗುವೊಂದು ನೆರೆಮನೆಯ ಯಜಮಾನನ ಬಗ್ಗೆ, ಅವರು ಬಾರ್ನಕಲ್ ಕೆಲಸ ಎಲ್ಲಿ ಕೂತು ಮಾಡುತ್ತಾರೆ ಎಂದು ಕೇಳಿತಂತೆ.

ಆ ಮನೆಗೆ ಸಾವೂ ಬಂತು. ಹತ್ತು ಮಕ್ಕಳಲ್ಲಿ ಇಬ್ಬರು ಕೂಸುಗಳಾಗಿದ್ದಾಗಲೇ ಹೋದರು. ಹತ್ತು ವರ್ಷದ ಆ್ಯನಿ 1851ರ ಏಪ್ರಿಲ್ 23ರಂದು ಮಾಲ್ವರ್ನ್ ಎಂಬ ಊರಿನಲ್ಲಿ, ಚಿಕಿತ್ಸೆಗೆ ಹೋಗಿದ್ದಲ್ಲೇ ತೀರಿಕೊಂಡಳು. ಎಮ್ಮಾ ತುಂಬು ಗರ್ಭಿಣಿ, ಮನೆ ಬಿಟ್ಟು ಹೊರಡುವಂತಿರಲಿಲ್ಲ. ಹಾಸಿಗೆಯ ಪಕ್ಕ ಕೂತ ಡಾರ್ವಿನ್ ಮಗಳು ನೀರು ಕುಡಿದದ್ದು, ವಾಂತಿ ಮಾಡಿಕೊಂಡದ್ದು, ಒಂದು ಮಾತಾಡಿದ್ದು ಎಲ್ಲವನ್ನೂ ದಿನವೂ ಎಮ್ಮಾಗೆ ಬರೆಯುತ್ತಿದ್ದ. ಮಗಳು ಹೋದ ವಾರದಲ್ಲೇ ಅವಳ ನಗು, ನಡಿಗೆ, ತನ್ನ ತಲೆಗೂದಲು ಬಾಚುತ್ತಿದ್ದ ಬಗೆ ಮರೆತುಹೋಗದಿರಲೆಂದು ಕೂತು ಬರೆದಿಟ್ಟ. ಈ ದುಃಖದಿಂದಲೇ ಅವನು ದೇವರನ್ನು ಬಿಟ್ಟ ಎನ್ನುವವರಿದ್ದಾರೆ. ಅದು ತೀರಾ ಸುಲಭದ ವಿವರಣೆ. ಎಮ್ಮಾಳ ಕಾಗದವೇ ಹೇಳುವಂತೆ ಸಂದೇಹ ಹನ್ನೆರಡು ವರ್ಷ ಹಿಂದಿನದು.

1858ರ ಜೂನ್ 18ರಂದು ನಿಸರ್ಗಶಾಸ್ತ್ರಜ್ಞ ಆಲ್‌ಫ್ರೆಡ್ ವಾಲೆಸ್‌ನ ಕಾಗದ ತಲುಪಿತು. ಡಾರ್ವಿನ್ ಇಪ್ಪತ್ತು ವರ್ಷ ಪ್ರಕಟಿಸದೇ ಇಟ್ಟುಕೊಂಡಿದ್ದ ಜೀವವಿಕಾಸದ ಸಿದ್ಧಾಂತವೇ ಅದರಲ್ಲಿತ್ತು. ಹತ್ತು ದಿನದಲ್ಲಿ ಒಂದೂವರೆ ವರ್ಷದ ಕಿರಿಯ ಮಗ ಕೆಂಪುಜ್ವರಕ್ಕೆ ಬಲಿಯಾದ. ಮುಂದೇನು ಎಂಬುದನ್ನು ಲಯೆಲ್, ಹುಕರ್ ಎಂಬ ಇಬ್ಬರು ಸ್ನೇಹಿತರಿಗೆ ಬಿಟ್ಟ. ಜುಲೈ 1ರಂದು ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿ ಇಬ್ಬರ ಬರಹಗಳನ್ನೂ ಓದಲಾಯಿತು. ಡಾರ್ವಿನ್ ಅಲ್ಲಿರಲಿಲ್ಲ.

ಮಕ್ಕಳ ಅನಾರೋಗ್ಯಕ್ಕೆ ತಮ್ಮ ರಕ್ತಸಂಬಂಧದ ಮದುವೆಯೇ ಕಾರಣವಿರಬಹುದೆ ಎಂಬ ಕೊರಗೂ ಡಾರ್ವಿನ್‌ಗೆ ಇತ್ತು. ಸೋದರಿಕೆಯ ಸಂಬಂಧ ಇಂದಿಗೂ ನಡೆಯುವ ನಮ್ಮ ನಾಡಿನವರು ಈ ಕೊರಗನ್ನು ಬೇಗ ಅರ್ಥಮಾಡಿಕೊಂಡಾರು. ಅವನು ಕೊರಗುತ್ತಾ ಕೂರಲಿಲ್ಲ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಗಿಡಗಳ ಮೇಲೆ ಪ್ರಯೋಗ ಮಾಡಿ, ಗಿಡದ ತನ್ನದೇ ಪರಾಗದಿಂದ ಹುಟ್ಟಿದ ಸಸಿಗಳಿಗಿಂತ ಬೇರೆ ಗಿಡದ ಪರಾಗದಿಂದ ಹುಟ್ಟಿದ ಸಸಿಗಳು ಸಾಮಾನ್ಯವಾಗಿ ಎತ್ತರವಾಗಿ, ಗಟ್ಟಿಯಾಗಿ ಬೆಳೆಯುತ್ತವೆಂದು ತೋರಿಸಿದ. 1871ರ ಜನಗಣತಿಯಲ್ಲಿ ರಕ್ತಸಂಬಂಧದ ಮದುವೆಯ ಬಗ್ಗೆ ಒಂದು ಪ್ರಶ್ನೆ ಸೇರಿಸಿ ಎಂದು ಸ್ನೇಹಿತ ಜಾನ್ ಲಬಕ್ ಮೂಲಕ ಕೇಳಿದ, ಸಂಸತ್ತು ಒಪ್ಪಲಿಲ್ಲ. ಕೊನೆಗೆ ಮಗ ಜಾರ್ಜ್ ತಾನೇ ಅಂಕಿಅಂಶ ಕಲೆಹಾಕಿ, ಹೆದರಿದಷ್ಟು ಕೆಡುಕು ಕಾಣುವುದಿಲ್ಲವೆಂದು 1875ರಲ್ಲಿ ಪ್ರಕಟಿಸಿದ.

ಮುಪ್ಪಿನಲ್ಲೂ ಮನೆ ತುಂಬಿತ್ತು. 1876ರಲ್ಲಿ ಮಗ ಫ್ರಾನ್ಸಿಸ್‌ನ ಹೆಂಡತಿ ಬಾಣಂತನದಲ್ಲಿ ತೀರಿಕೊಂಡಾಗ ಅವನೂ ಹಸುಗೂಸು ಬರ್ನಾರ್ಡ್‌ನೂ ಡೌನ್ ಹೌಸ್‌ಗೇ ಬಂದರು. ಎರೆಹುಳುಗಳಿಗೆ ಕಿವಿ ಕೇಳಿಸುತ್ತದೆಯೇ ಎಂದು ಪರೀಕ್ಷಿಸಲು ಮನೆಮಂದಿಯೇ ವಾದ್ಯಗಾರರಾದರು: ಹುಳುಗಳ ಕುಂಡದ ಬಳಿ ಪಿಯಾನೋ, ಬಸೂನ್ ಎಂಬ ಊದುವ ವಾದ್ಯ ಎಲ್ಲ ಮೊಳಗಿದವು. ಹುಳುಗಳು ಅಲುಗಲಿಲ್ಲ. ಕುಂಡವನ್ನು ಪಿಯಾನೋ ಮೇಲೇ ಇಟ್ಟು ನುಡಿಸಿದಾಗ ಮಾತ್ರ ಕಂಪನಕ್ಕೆ ಬೆಚ್ಚಿ ಬಿಲ ಹೊಕ್ಕವು. ಇದೆಲ್ಲ 1881ರ ಎರೆಹುಳುಗಳ ಪುಸ್ತಕದಲ್ಲಿದೆ.

ಡಾರ್ವಿನ್ 1882ರ ಏಪ್ರಿಲ್ 19ರಂದು ತೀರಿಕೊಂಡ. ಹಳ್ಳಿಯ ಚರ್ಚಿನಂಗಳದಲ್ಲೇ ಮಣ್ಣು ಮಾಡಬೇಕೆಂಬುದು ಮನೆಯವರ ಆಸೆ; ವಿಜ್ಞಾನಿಗಳ ಒತ್ತಾಯದಿಂದ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಗೆ ಒಯ್ದರು. ಎಮ್ಮಾ ಹೋಗಲಿಲ್ಲ. ಐದು ವರ್ಷಗಳ ಬಳಿಕ ಫ್ರಾನ್ಸಿಸ್ ಮೂರು ಸಂಪುಟಗಳಲ್ಲಿ ತಂದೆಯ ಜೀವನಚರಿತ್ರೆ ತಂದಾಗ, ಅಪ್ಪನ ದಿನಚರಿಗೆಂದೇ ಒಂದು ಅಧ್ಯಾಯ ಬರೆದ. ಬೆಳಗಿನ ನಡಿಗೆ, ಮಧ್ಯಾಹ್ನ ಕಾದಂಬರಿ ಓದಿಸಿಕೊಂಡು ಕೇಳುವುದು, ರಾತ್ರಿಯ ಆಟ ಎಲ್ಲವನ್ನೂ ಜೀವನಚರಿತ್ರೆಕಾರರು ಇಂದಿಗೂ ಅಲ್ಲಿಂದಲೇ ಎತ್ತಿಕೊಳ್ಳುತ್ತಾರೆ.